ಗಡಿಯಿಲ್ಲದ ಜಾಲಕ್ಕೆ ಯಜಮಾನರು ಯಾರು?

ಅಂತರ್ಜಾಲವನ್ನು ಆಳಬೇಕಾದವರು ಯಾರು? ಆಯಾ ದೇಶದ ಸರ್ಕಾರವೇ, ಅಥವಾ ಎಲ್ಲ ದೇಶಗಳೂ ಸೇರಿ ಕಟ್ಟಿಕೊಂಡ ಸಂಸ್ಥೆಯೇ? ಈ ಜಗಳಕ್ಕೆ ಈಗ ಹತ್ತಿರಹತ್ತಿರ ಮೂವತ್ತು ವರ್ಷ. ಇದರ ಬಗ್ಗೆ ಬಂದಿರುವ ಪುಸ್ತಕಗಳಲ್ಲಿ ನಾನು ಎರಡೆರಡು ಸಲ ಓದಿದ್ದು ಒಂದನ್ನೇ: ಜ್ಯಾಕ್ ಗೋಲ್ಡ್‌ಸ್ಮಿತ್ ಮತ್ತು ಟಿಮ್ ವೂ ಎಂಬ ಇಬ್ಬರು ಕಾನೂನು ಪ್ರಾಧ್ಯಾಪಕರು ಬರೆದ ‘ಹೂ ಕಂಟ್ರೋಲ್ಸ್ ದ ಇಂಟರ್‌ನೆಟ್?’. ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ 2006ರಲ್ಲಿ ಇದನ್ನು ಪ್ರಕಟಿಸಿತು. ಗಡಿಯಿಲ್ಲದ ಜಗತ್ತು ಎಂಬುದು ಭ್ರಮೆ ಎಂದು ಉಪಶೀರ್ಷಿಕೆಯಲ್ಲೇ ಸಾರುವ ಪುಸ್ತಕ. ನಾನು ವಕೀಲನೂ ಅಲ್ಲ, ಸಾಫ್ಟ್‌ವೇರ್ ಇಂಜಿನಿಯರನೂ ಅಲ್ಲ. ಈ ದೇಶದಲ್ಲಿ ಮೂವತ್ತು ಚಿಲ್ಲರೆ ವರ್ಷ ಇಂಟರ್ನಲ್ ಮೆಡಿಸಿನ್ ಮಾಡಿ ನಿವೃತ್ತನಾದವನು. ಆದರೆ ಈ ಪುಸ್ತಕದ ವಾದ ನಮ್ಮಂಥವರ ಮನೆಯೊಳಗೇ ಬರುತ್ತದೆ. ನಮ್ಮ ಸಂಘದ ಸದಸ್ಯರೆಲ್ಲ ಒಂದು ದೇಶದಲ್ಲಿ ವಾಸವಿದ್ದು ಇನ್ನೊಂದು ದೇಶದ ಜೊತೆ ದಿನವೂ ಮಾತಾಡುವವರು. ಗಡಿಯ ಮೇಲೆ ಯಾರು ಕಾವಲಿದ್ದಾರೆ ಎಂಬುದು ನಮಗೆ ಸಂಬಂಧಪಟ್ಟ ವಿಷಯ.

ಪುಸ್ತಕ ಯಾರ ವಿರುದ್ಧ ನಿಂತಿದೆ ಎಂಬುದನ್ನು ಮೊದಲು ಹೇಳಬೇಕು. 1996ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿದ್ದ ಜಾನ್ ಪೆರ್ರಿ ಬಾರ್ಲೋ ಎಂಬಾತ ಅಂತರ್ಜಾಲದ ಸ್ವಾತಂತ್ರ್ಯ ಘೋಷಣೆಯನ್ನು ಬರೆದ. ಆತ ವಯೋಮಿಂಗ್‌ನಲ್ಲಿ ದನ ಸಾಕಿದ್ದವನು, ಗ್ರೇಟ್‌ಫುಲ್ ಡೆಡ್ ತಂಡಕ್ಕೆ ಹಾಡು ಬರೆದವನು. ಸರ್ಕಾರಗಳಿಗೆ ಈ ಹೊಸ ಲೋಕದಲ್ಲಿ ಅಧಿಕಾರವಿಲ್ಲ, ಇಲ್ಲಿ ದೇಹವಿಲ್ಲ, ದೇಹವಿಲ್ಲದ ಮೇಲೆ ಹಿಡಿದು ಹಾಕುವುದಾದರೂ ಏನನ್ನು ಎಂಬುದು ಅವನ ವಾದದ ತಿರುಳು. ದೇಹವಿಲ್ಲ ಎನ್ನುವ ಮಾತನ್ನು ಕೇಳಿದರೆ ಯಾವ ವೈದ್ಯನಿಗಾದರೂ ಅನುಮಾನ ಬರಬೇಕು. ತಂತಿ, ಸರ್ವರ್, ಕಂಪನಿ, ಬ್ಯಾಂಕ್ ಖಾತೆ, ಕುರ್ಚಿಯಲ್ಲಿ ಕೂತ ಮನುಷ್ಯ, ಇವೆಲ್ಲ ದೇಹಗಳೇ. ಗೋಲ್ಡ್‌ಸ್ಮಿತ್ ಮತ್ತು ವೂ ಹಿಡಿಯುವುದೂ ಇದನ್ನೇ.

ಅವರ ಮೊದಲ ಉದಾಹರಣೆ ಫ್ರಾನ್ಸಿನ ಯಾಹೂ ಮೊಕದ್ದಮೆ. ಯಾಹೂ ಹರಾಜಿನಲ್ಲಿ ನಾಜಿ ಕಾಲದ ವಸ್ತುಗಳು ಮಾರಾಟಕ್ಕಿದ್ದವು. ಫ್ರಾನ್ಸಿನಲ್ಲಿ ಅದು ಅಪರಾಧ, ಅಮೆರಿಕದಲ್ಲಿ ಅಲ್ಲ. ತನ್ನ ಗಿರಾಕಿಗಳಲ್ಲಿ ಯಾರು ಫ್ರೆಂಚರು ಎಂದು ತನಗೆ ತಿಳಿಯುವುದೇ ಸಾಧ್ಯವಿಲ್ಲ ಎಂದು ಕಂಪನಿ ವಾದಿಸಿತು. ನ್ಯಾಯಾಧೀಶ ಜ್ಯಾಂ ಜ್ಯಾಕ್ ಗೊಮೆಜ್ ಮೂವರು ತಜ್ಞರನ್ನು ಕೇಳಿದರು. ಅವರಲ್ಲಿ ಒಬ್ಬರು ಅಂತರ್ಜಾಲದ ಪಿತಾಮಹರಲ್ಲೊಬ್ಬರಾದ ವಿಂಟ್ ಸರ್ಫ್. ಸುಮಾರು ನೂರಕ್ಕೆ 70 ಮಂದಿಯನ್ನು ವಿಳಾಸ ಸಂಖ್ಯೆಯಿಂದಲೇ ಗುರುತಿಸಬಹುದು, ಬಳಕೆದಾರರನ್ನೇ ರಾಷ್ಟ್ರೀಯತೆ ಕೇಳಿದರೆ ಅದು 90ರ ಹತ್ತಿರ ಹೋಗುತ್ತದೆ ಎಂದು ವರದಿ ಬಂತು. 2000ದ ನವೆಂಬರ್‌ನಲ್ಲಿ ತೀರ್ಪು ಯಾಹೂ ವಿರುದ್ಧ ಹೋಯಿತು. ಕೆಲವೇ ವಾರಗಳಲ್ಲಿ ಕಂಪನಿ ಆ ಸರಕುಗಳನ್ನು ಹರಾಜಿನಿಂದ ತೆಗೆಯಿತು. ಅಸಾಧ್ಯ ಎಂದದ್ದು ದಂಡದ ಲೆಕ್ಕ ಮುಂದೆ ಬಂದಾಗ ಸಾಧ್ಯವಾಯಿತು.

ಪುಸ್ತಕದ ನಿಜವಾದ ಶಕ್ತಿ ಇಲ್ಲಿದೆ. ಸರ್ಕಾರ ಹೊರದೇಶದ ಕಳ್ಳನ ಹಿಂದೆ ಓಡಬೇಕಾಗಿಲ್ಲ. ಅವನ ಮಾತು ಅಥವಾ ಸರಕು ತನ್ನ ನೆಲಕ್ಕೆ ಬರುವ ದಾರಿಯಲ್ಲಿ ಕೂತಿರುವ ಮಧ್ಯವರ್ತಿಯನ್ನು ಹಿಡಿದರೆ ಸಾಕು. ಸಂಪರ್ಕ ಕೊಡುವ ಕಂಪನಿ, ಹುಡುಕುತಾಣ, ಕ್ರೆಡಿಟ್ ಕಾರ್ಡ್ ಸಂಸ್ಥೆ, ಇವರೆಲ್ಲರಿಗೂ ಸ್ಥಳೀಯ ಕಚೇರಿಯುಂಟು, ಸ್ಥಳೀಯ ಆಸ್ತಿಯುಂಟು. ನಮ್ಮ ವೃತ್ತಿಯ ಮಾತಿನಲ್ಲಿ ಹೇಳುವುದಾದರೆ ಇದು ರೋಗಾಣುವನ್ನು ಬಿಟ್ಟು ಸೊಳ್ಳೆಯನ್ನು ಹಿಡಿಯುವ ವಿಧಾನ. ಮಲೇರಿಯಾ ನಿಯಂತ್ರಣ ಕಂಡವರಿಗೆ ಇದು ಕೆಲಸ ಮಾಡುತ್ತದೆ ಎಂಬುದು ಗೊತ್ತು.

ಆಸ್ಟ್ರೇಲಿಯಾದ ಗಟ್‌ನಿಕ್ ಮೊಕದ್ದಮೆಯನ್ನೂ ಲೇಖಕರು ಚೆನ್ನಾಗಿ ಬಳಸಿಕೊಂಡಿದ್ದಾರೆ. ನ್ಯೂಜೆರ್ಸಿಯ ಸರ್ವರಿನಲ್ಲಿದ್ದ ಡೌ ಜೋನ್ಸ್ ಲೇಖನದ ವಿರುದ್ಧ ಮೆಲ್ಬರ್ನಿನ ವ್ಯಾಪಾರಿ ಮಾನನಷ್ಟ ಹೂಡಿದ. ಮಾನ ಹೋದದ್ದು ಲೇಖನವನ್ನು ಓದಿದ ಊರಿನಲ್ಲಿ, ಆದ್ದರಿಂದ ವಿಚಾರಣೆಯೂ ಅಲ್ಲೇ ಎಂದು ಆಸ್ಟ್ರೇಲಿಯಾದ ಹೈಕೋರ್ಟು 2002ರ ಡಿಸೆಂಬರ್‌ನಲ್ಲಿ ಹೇಳಿತು. ಪತ್ರಿಕೋದ್ಯಮಿಗಳು ಗಾಬರಿಯಾದರು. ನನಗೇನೂ ಆಶ್ಚರ್ಯವಾಗಲಿಲ್ಲ. ವಿಡಿಯೊದಲ್ಲಿ ರೋಗಿ ನೋಡುವ ನಮ್ಮ ವೈದ್ಯರ ಪಾಡು ಇದೇ ಅಲ್ಲವೇ? ಓಹಾಯೋದಲ್ಲಿ ಪರವಾನಗಿ ಪಡೆದವರ ರೋಗಿ ಚಳಿಗಾಲಕ್ಕೆ ಫ್ಲಾರಿಡಾಕ್ಕೆ ಹೋದರೆ ಅಲ್ಲಿನ ಪರವಾನಗಿಯೋ ನೋಂದಣಿಯೋ ಬೇಕು. ಚಿಕಿತ್ಸೆ ನಡೆಯುವುದು ರೋಗಿ ಇರುವ ಜಾಗದಲ್ಲಿ. (ಬೆಂಗಳೂರಿನ ದೊಡ್ಡಮ್ಮ ವಾಟ್ಸಾಪ್‌ನಲ್ಲಿ ಕಳಿಸುವ ರಕ್ತಪರೀಕ್ಷೆಯ ವರದಿ ಯಾವ ರಾಜ್ಯದ ಕಾನೂನಿನಡಿ ಬರುತ್ತದೆ ಎಂದು ಮಾತ್ರ ಯಾರೂ ನನ್ನನ್ನು ಕೇಳಬೇಡಿ. ನಮ್ಮಲ್ಲಿರುವ ಒಬ್ಬ ವೈದ್ಯರಿಗಾದರೂ ಅಂಥ ವರದಿ ಬರದೆ ಇದ್ದೀತೆ?)

ಇಷ್ಟಾದರೂ ಪುಸ್ತಕ ಎರಡು ಬೇರೆ ಅಂಗಗಳನ್ನು ಒಂದೇ ಎಂದು ನೋಡಿದೆ ಎಂಬುದು ನನ್ನ ಮುಖ್ಯ ತಕರಾರು. ಅಂತರ್ಜಾಲದಲ್ಲಿ ಕೊಳವೆಗಳಿವೆ, ಒಂದು ಹೆಸರುಪಟ್ಟಿಯೂ ಇದೆ. ಕೊಳವೆ ಹಾದುಹೋಗುವುದು ಒಂದು ದೇಶದ ನೆಲದಲ್ಲಿ, ಅದನ್ನು ಆ ದೇಶ ಹಿಡಿಯಬಲ್ಲದು. ಪಟ್ಟಿ ಹಾಗಲ್ಲ. ಡಾಟ್ ಕಾಮ್‌ಗೆ ಯಾರನ್ನು ಕೇಳಬೇಕು, ಡಾಟ್ ಇನ್‌ಗೆ ಯಾರನ್ನು ಕೇಳಬೇಕು ಎಂದು ಜಗತ್ತಿನ ಕಂಪ್ಯೂಟರುಗಳಿಗೆಲ್ಲ ಹೇಳುವ ಮೂಲಪಟ್ಟಿ ಅದು. ಈಗ ಅದರಲ್ಲಿರುವುದು ಸುಮಾರು ಒಂದೂವರೆ ಸಾವಿರ ನಮೂದು. ಅದು ಎಲ್ಲರಿಗೂ ಒಂದೇ ಆಗಿದ್ದರೆ ಮಾತ್ರ ಉಪಯೋಗ.

ವೈದ್ಯರಿಗೆ ಇದನ್ನು ವಿವರಿಸುವುದು ಸುಲಭ. ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣ ನಮ್ಮ ಮೂಲಪಟ್ಟಿ. 1893ರಲ್ಲಿ ಬರ್ಟಿಯೋಂ ಎಂಬ ಫ್ರೆಂಚ್ ಅಂಕಿಅಂಶ ತಜ್ಞ ಸಾವಿನ ಕಾರಣಗಳ ಪಟ್ಟಿ ಮಾಡಿದ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರನೆಯ ಪರಿಷ್ಕರಣೆಯಿಂದ ಅದನ್ನು ವಹಿಸಿಕೊಂಡಿತು. ಹತ್ತನೆಯ ಪರಿಷ್ಕರಣೆಗೆ ಅಮೆರಿಕ ತನ್ನದೇ ಬಾಲಂಗೋಚಿ ಸೇರಿಸಿ, ಸುಮಾರು 70 ಸಾವಿರ ಸಂಕೇತಗಳ ಪಟ್ಟಿ ಮಾಡಿ 2015ರ ಅಕ್ಟೋಬರ್ 1ರಂದು ನಮ್ಮ ತಲೆಯ ಮೇಲೆ ಹೇರಿತು. ಬಾತುಕೋಳಿ ಬಡಿದು ಆದ ಗಾಯಕ್ಕೂ ಅದರಲ್ಲಿ ಒಂದು ಸಂಕೇತ ಇದೆ. ನಾವೆಲ್ಲ ಗೊಣಗಿದೆವು. ಆದರೆ ಮಧುಮೇಹಕ್ಕೆ ಹಾಸನದಲ್ಲಿ ಒಂದು ಸಂಕೇತ, ಹ್ಯೂಸ್ಟನ್ನಿನಲ್ಲಿ ಇನ್ನೊಂದು ಇದ್ದಿದ್ದರೆ? ರೋಗಿಗೆ ಏನು ಔಷಧ ಕೊಡಬೇಕು, ಯಾರು ಹಣ ಕಟ್ಟಬೇಕು ಎಂದು ಆ ಪಟ್ಟಿ ಹೇಳುವುದಿಲ್ಲ. ಅದು ಆಯಾ ದೇಶದ ಕೆಲಸ. ಪಟ್ಟಿ ಒಂದೇ ಆಗಿರಬೇಕು, ಅದನ್ನು ಇಟ್ಟುಕೊಂಡವರು ಯಾರ ಕಡೆಗೂ ವಾಲಬಾರದು ಅಷ್ಟೇ.

ಅಂತರ್ಜಾಲದ ಹೆಸರುಪಟ್ಟಿಯನ್ನು ಬಹುಕಾಲ ನೋಡಿಕೊಂಡದ್ದು ಜಾನ್ ಪೋಸ್ಟೆಲ್ ಎಂಬ ಗಡ್ಡಧಾರಿ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿದ್ದ ವಿಜ್ಞಾನಿ. ಪುಸ್ತಕದ ಅತ್ಯುತ್ತಮ ಅಧ್ಯಾಯ ಇವರ ಕುರಿತದ್ದು. 1998ರ ಜನವರಿ 28ರಂದು ಪೋಸ್ಟೆಲ್ ಮೂಲಪಟ್ಟಿಯ ನಕಲು ಇಟ್ಟುಕೊಂಡಿದ್ದ ಕೆಲವು ಸರ್ವರುಗಳ ನಿರ್ವಾಹಕರಿಗೆ ಒಂದು ಮಿಂಚಂಚೆ ಕಳಿಸಿದರು. ಇನ್ನು ಮುಂದೆ ಪಟ್ಟಿಯನ್ನು ಸರ್ಕಾರದ ಗುತ್ತಿಗೆದಾರ ಕಂಪನಿಯಿಂದಲ್ಲ, ತನ್ನ ಕಂಪ್ಯೂಟರಿನಿಂದ ಪಡೆಯಿರಿ ಎಂದು. ಎಂಟು ಮಂದಿ ಒಪ್ಪಿದರು. ಜಗತ್ತಿನ ಜಾಲ ಕೆಲವು ದಿನ ಎರಡು ಯಜಮಾನರ ಕೈಯಲ್ಲಿತ್ತು, ಬಳಕೆದಾರರಿಗೆ ಗೊತ್ತೇ ಆಗಲಿಲ್ಲ. ಶ್ವೇತಭವನದ ಸಲಹೆಗಾರ ಐರಾ ಮ್ಯಾಗಜಿನರ್ ದೂರವಾಣಿಯಲ್ಲಿ ಗಟ್ಟಿಯಾಗಿ ಮಾತಾಡಿದ ಮೇಲೆ ಎಲ್ಲವೂ ಹಿಂದಿನಂತಾಯಿತು. ಅದು ಬರೀ ಪರೀಕ್ಷೆ ಎಂದರು ಪೋಸ್ಟೆಲ್. ಅದೇ ವರ್ಷ ಅಕ್ಟೋಬರಿನಲ್ಲಿ ಹೃದಯದ ಕವಾಟದ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಗಳಿಂದ ತೀರಿಕೊಂಡರು. ವಯಸ್ಸು 55. ಅವರು ರೂಪಿಸಲು ನೆರವಾದ ಐಕ್ಯಾನ್ ಎಂಬ ಸಂಸ್ಥೆ ಆಗಿನ್ನೂ ಕೆಲವೇ ವಾರಗಳ ಕೂಸು.

ಈ ಕಥೆಯಿಂದ ಲೇಖಕರು ತೆಗೆಯುವ ನಿರ್ಣಯ, ಮೂಲಪಟ್ಟಿಯ ಕೊನೆಯ ಅಧಿಕಾರ ಅಮೆರಿಕ ಸರ್ಕಾರದ್ದೇ, ಅದು ಬಿಟ್ಟುಕೊಡುವುದೂ ಇಲ್ಲ ಎಂದು. 2006ರಲ್ಲಿ ಹಾಗೆ ಕಂಡಿದ್ದರೆ ತಪ್ಪಿಲ್ಲ. ಆದರೆ 2014ರ ಮಾರ್ಚಿನಲ್ಲಿ ವಾಷಿಂಗ್ಟನ್ ತಾನಾಗಿಯೇ ಈ ಮೇಲ್ವಿಚಾರಣೆ ಬಿಡುವುದಾಗಿ ಹೇಳಿತು. 2016ರ ಸೆಪ್ಟೆಂಬರ್ ಕೊನೆಯಲ್ಲಿ ಅರಿಜೋನಾ, ಟೆಕ್ಸಸ್, ಒಕ್ಲಹೋಮಾ, ನೆವಾಡ ರಾಜ್ಯಗಳು ತಡೆಯಾಜ್ಞೆ ಕೇಳಿದವು. ಟೆಕ್ಸಸ್‌ನ ಗ್ಯಾಲ್ವೆಸ್ಟನ್ನಿನ ಫೆಡರಲ್ ನ್ಯಾಯಾಧೀಶರು ಕೊಡಲಿಲ್ಲ. ಅಕ್ಟೋಬರ್ 1ರಂದು, ನಮಗೆ ಬಾತುಕೋಳಿ ಸಂಕೇತ ಬಂದು ಸರಿಯಾಗಿ ಒಂದು ವರ್ಷಕ್ಕೆ, ಗುತ್ತಿಗೆ ಮುಗಿಯಿತು. ಪುಸ್ತಕದ ಭವಿಷ್ಯವಾಣಿ ಇಲ್ಲಿ ಬಿತ್ತು.

ಬಿದ್ದೇಬಿಟ್ಟಿತೆಂದು ತೀರ್ಮಾನಿಸುವ ಮೊದಲು ಡಾಟ್ ಆರ್ಗ್ ಪ್ರಕರಣ ನೋಡಬೇಕು. ನಮ್ಮ ಕನ್ನಡ ಸಂಘಗಳ ವಿಳಾಸಗಳು ಬಹುಪಾಲು ಕೊನೆಯಾಗುವುದು ಡಾಟ್ ಆರ್ಗ್‌ನಲ್ಲಿ. 2019ರಲ್ಲಿ ಐಕ್ಯಾನ್ ಆ ವಿಳಾಸಗಳ ಬೆಲೆಯ ಮೇಲಿದ್ದ ಮಿತಿಯನ್ನು ತೆಗೆದುಹಾಕಿತು. ಅದೇ ನವೆಂಬರಿನಲ್ಲಿ ಡಾಟ್ ಆರ್ಗ್ ನೋಂದಣಿಯನ್ನು ನೋಡಿಕೊಳ್ಳುತ್ತಿದ್ದ ಲಾಭರಹಿತ ಸಂಸ್ಥೆಯನ್ನು ಎಥೋಸ್ ಕ್ಯಾಪಿಟಲ್ ಎಂಬ ಹೂಡಿಕೆ ಕಂಪನಿಗೆ 113.5 ಕೋಟಿ ಡಾಲರಿಗೆ ಮಾರುವ ಸುದ್ದಿ ಬಂತು. ಒಂದು ಕೋಟಿಗೂ ಹೆಚ್ಚು ವಿಳಾಸಗಳು, ಅದರಲ್ಲಿ ಗುಡಿ, ಚರ್ಚು, ಅನಾಥಾಲಯ, ಭಾಷಾ ಸಂಘ ಎಲ್ಲ ಸೇರಿ. ಜಗತ್ತಿನ ಎಲ್ಲ ಕಡೆಯಿಂದ ಪ್ರತಿಭಟನೆ ಬಂದರೂ ಐಕ್ಯಾನ್ ತಿಂಗಳುಗಟ್ಟಲೆ ಯೋಚಿಸುತ್ತ ಕೂತಿತು. 2020ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಅಟಾರ್ನಿ ಜನರಲ್ ಒಂದು ಕಾಗದ ಬರೆದರು. ಐಕ್ಯಾನ್ ಕ್ಯಾಲಿಫೋರ್ನಿಯಾ ಕಾನೂನಿನಡಿ ನೋಂದಾಯಿತ ಸಂಸ್ಥೆ, ಮರೆಯಬೇಡಿ ಎಂಬುದು ಅದರ ಧಾಟಿ. ತಿಂಗಳ ಕೊನೆಗೆ ಮಾರಾಟಕ್ಕೆ ಒಪ್ಪಿಗೆ ಸಿಗಲಿಲ್ಲ. ಅಮೆರಿಕದ ಸರ್ಕಾರ ಕೈಬಿಟ್ಟ ಪಟ್ಟಿಯ ಮೇಲೆ ಅಮೆರಿಕದ ಒಂದು ರಾಜ್ಯದ ಕೈ ಹಾಗೇ ಇತ್ತು. ಈ ಸಲ ಆ ಕೈ ನಮಗೆ ಒಳ್ಳೆಯದನ್ನೇ ಮಾಡಿತು. ಮುಂದಿನ ಸಲ? ಮಂಗಳೂರಿನ ಒಂದು ಅನಾಥಾಲಯದ ವಿಳಾಸ ಸ್ಯಾಕ್ರಮೆಂಟೋದ ಅಧಿಕಾರಿಯ ಸದ್ಬುದ್ಧಿಯ ಮೇಲೆ ನಿಲ್ಲುವುದು ಸರಿಯಾದ ವ್ಯವಸ್ಥೆ ಎಂದು ನನಗೆ ಅನ್ನಿಸುವುದಿಲ್ಲ.

ಹಾಗಾದರೆ ವಿಶ್ವಸಂಸ್ಥೆಗೆ ಕೊಟ್ಟುಬಿಡೋಣ ಎನ್ನುವವರಿದ್ದಾರೆ. ಭಾರತವೂ ಒಮ್ಮೆ ಅದನ್ನೇ ಕೇಳಿತ್ತು. 2011ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಸಭೆಯಲ್ಲಿ 50 ಸದಸ್ಯ ದೇಶಗಳ ಒಂದು ಸಮಿತಿ ಬೇಕೆಂದು ಭಾರತದ ಪ್ರತಿನಿಧಿ ಪ್ರಸ್ತಾಪ ಇಟ್ಟರು. ವರ್ಷಕ್ಕೆ ಎರಡು ವಾರ ಜಿನೀವಾದಲ್ಲಿ ಸೇರುವ ಸಮಿತಿ. ಅದರ ಹಿಂದಿದ್ದ ನೋವು ನಿಜವಾದದ್ದು. ಒಂದೇ ದೇಶದ ವಾಣಿಜ್ಯ ಇಲಾಖೆ ಜಗತ್ತಿನ ಹೆಸರುಪಟ್ಟಿಗೆ ಸಹಿ ಹಾಕುವುದನ್ನು ಯಾವ ಸ್ವಾಭಿಮಾನಿ ದೇಶ ಒಪ್ಪೀತು? ಆದರೆ ಮದ್ದು ತಪ್ಪು. ಮರುವರ್ಷ ಡಿಸೆಂಬರಿನಲ್ಲಿ ದುಬೈಯಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಮ್ಮೇಳನ ನಡೆಯಿತು. 1865ರಲ್ಲಿ ಟೆಲಿಗ್ರಾಫ್ ಕಾಲದಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಒಕ್ಕೂಟ ಅದು. ಹೊಸ ಒಪ್ಪಂದಕ್ಕೆ 89 ದೇಶಗಳು ಸಹಿ ಹಾಕಿದವು, 55 ಹಾಕಲಿಲ್ಲ. ಭಾರತವೂ ಅಲ್ಲಿ ಸಹಿ ಮಾಡಲಿಲ್ಲ. 2015ರಲ್ಲಿ ಬ್ಯೂನಸ್ ಐರಿಸ್‌ನ ಐಕ್ಯಾನ್ ಸಭೆಯಲ್ಲಿ ಸರ್ಕಾರ, ಕಂಪನಿ, ತಂತ್ರಜ್ಞರು, ಬಳಕೆದಾರರು ಎಲ್ಲರೂ ಸೇರಿ ನಡೆಸುವ ಪದ್ಧತಿಗೆ ತನ್ನ ಬೆಂಬಲ ಎಂದು ಭಾರತ ಹೇಳಿತು. ಈ ತಿರುವನ್ನು ಕೆಲವರು ಶರಣಾಗತಿ ಎಂದರು. ನನಗೆ ಅದು ವಿವೇಕವೆನಿಸುತ್ತದೆ.

ಕಾರಣ ನಮ್ಮ ಪೀಳಿಗೆಗೆ ಚೆನ್ನಾಗಿ ಗೊತ್ತಿರುವುದು. ನಾನು ರೆಸಿಡೆನ್ಸಿಗೆ ಬಂದ ಎಂಬತ್ತರ ದಶಕದಲ್ಲಿ ಊರಿಗೆ ಫೋನು ಮಾಡುವುದೆಂದರೆ ಒಂದು ವ್ರತ. ಚೀಟಿಯಲ್ಲಿ ಕೇಳಬೇಕಾದ್ದನ್ನೆಲ್ಲ ಬರೆದುಕೊಂಡು, ಗಡಿಯಾರ ಮುಂದಿಟ್ಟುಕೊಂಡು ಕೂರಬೇಕು. ನಿಮಿಷಕ್ಕೆ ಡಾಲರುಗಳ ಲೆಕ್ಕ. ತಂತಿಗೆ ಅಷ್ಟು ಖರ್ಚಿರಲಿಲ್ಲ. ಎರಡೂ ತುದಿಯ ದೇಶಗಳ ದೂರವಾಣಿ ಸಂಸ್ಥೆಗಳು ತಮ್ಮತಮ್ಮಲ್ಲೇ ಗೊತ್ತುಮಾಡಿಕೊಂಡ ದರ ಅದು, ಆ ಒಕ್ಕೂಟದ ನಿಯಮಗಳ ಆಸರೆಯಲ್ಲೇ. ಭಾರತದಲ್ಲಿ ವಿದೇಶ ಕರೆಗಳ ಏಕಸ್ವಾಮ್ಯ ಮುಗಿದದ್ದು 2002ರಲ್ಲಿ. ದುಬೈ ಸಮ್ಮೇಳನದ ಮುಂಚೆ ಯುರೋಪಿನ ದೂರವಾಣಿ ಕಂಪನಿಗಳು ಅಂತರ್ಜಾಲಕ್ಕೂ ಇಂಥದೇ ಪದ್ಧತಿ ಬೇಕು, ದತ್ತಾಂಶ ಕಳಿಸುವವರು ಹಣ ಕೊಡಬೇಕು ಎಂದು ಕೇಳಿದ್ದವು. ಸರ್ಕಾರಗಳು ಮಾತ್ರ ಕೂರುವ ಮೇಜಿನಲ್ಲಿ ಇಂಥ ಕೋರಿಕೆಗಳಿಗೆ ಸದಾ ಒಂದು ಕುರ್ಚಿ ಸಿಗುತ್ತದೆ. ಫೋನಿನ ಮುಂದೆ ಚೀಟಿ ಹಿಡಿದು ಕೂತವನಿಗೆ ಸಿಗುವುದಿಲ್ಲ.

ಇತಿಹಾಸದಲ್ಲಿ ಇದಕ್ಕೆ ವೈದ್ಯರ ಸಾಕ್ಷಿಯೂ ಇದೆ. ಕಾಲರಾ ತಡೆಗೆ 1851ರಲ್ಲಿ ಪ್ಯಾರಿಸಿನಲ್ಲಿ ಮೊದಲ ಅಂತರರಾಷ್ಟ್ರೀಯ ನೈರ್ಮಲ್ಯ ಸಮ್ಮೇಳನ ಸೇರಿತು. 12 ದೇಶಗಳು, ಪ್ರತಿಯೊಂದರಿಂದ ಒಬ್ಬ ರಾಜತಾಂತ್ರಿಕ, ಒಬ್ಬ ವೈದ್ಯ. ಹಡಗುಗಳನ್ನು ಎಷ್ಟು ದಿನ ನಿಲ್ಲಿಸಬೇಕು ಎಂಬಲ್ಲಿ ವ್ಯಾಪಾರದ ಹಿತ ಅಡ್ಡಬಂತು. ಒಂದು ಒಪ್ಪಂದ ಜಾರಿಗೆ ಬರುವ ಮಟ್ಟಕ್ಕೆ ತಲುಪಲು 1892 ಆಗಬೇಕಾಯಿತು. ಆ ನಾಲ್ಕು ದಶಕ ಕಾಲರಾ ಯಾರಿಗೂ ಕಾಯಲಿಲ್ಲ.

ಇನ್ನು ದೇಶಗಳ ನಿಯಂತ್ರಣದ ಕಡೆ ಬರೋಣ. ಗಡಿಗಳು ಇರುವುದೇ ಒಳ್ಳೆಯದು, ಫ್ರೆಂಚರಿಗೆ ಬೇಕಾದ ನಿಯಮ ಫ್ರೆಂಚರಿಗೆ, ಅಮೆರಿಕನ್ನರಿಗೆ ಬೇಕಾದ್ದು ಅಮೆರಿಕನ್ನರಿಗೆ ಎಂಬುದು ಪುಸ್ತಕದ ಎರಡನೆಯ ವಾದ. ಇಲ್ಲಿ ಒಂದು ಪ್ರಶ್ನೆಯನ್ನು ಲೇಖಕರು ಬೇಗ ದಾಟಿಬಿಡುತ್ತಾರೆ. ಫ್ರಾನ್ಸಿನ ನ್ಯಾಯಾಲಯದ ಮುಂದೆ ಬಾಗಿದ ಅದೇ ಯಾಹೂ ಚೀನಾದಲ್ಲಿ ಬಳಕೆದಾರರ ಮಾಹಿತಿ ಕೊಟ್ಟಿತು. 2005ರಲ್ಲಿ ಶಿ ತಾವೋ ಎಂಬ ಪತ್ರಕರ್ತನಿಗೆ ಹತ್ತು ವರ್ಷ ಜೈಲಾಯಿತು. ಈ ಪ್ರಸಂಗ ಪುಸ್ತಕದಲ್ಲಿ ಬರುತ್ತದೆ, ಅದನ್ನು ಅವರು ಮುಚ್ಚಿಟ್ಟಿಲ್ಲ. ಆದರೆ ಅದನ್ನು ಬೇರೆ ರೋಗವೆಂಬಂತೆ ಬೇರೆ ಅಧ್ಯಾಯದಲ್ಲಿಟ್ಟಿದ್ದಾರೆ. ಸೊಳ್ಳೆ ಒಂದೇ. ಮಧ್ಯವರ್ತಿಯನ್ನು ಹಿಡಿಯುವ ಕೈಗೆ ಬಲ ಬಂದರೆ ಅದು ಎರಡೂ ಕಡೆ ಬರುತ್ತದೆ. ತಡೆಯುವುದು ಆ ದೇಶದ ನ್ಯಾಯಾಲಯ ಮಾತ್ರ, ಇದ್ದರೆ.

ಭಾರತದಲ್ಲಿ ನ್ಯಾಯಾಲಯ ಇದೆ. 2019ರ ಆಗಸ್ಟಿನಲ್ಲಿ ಕಾಶ್ಮೀರದ ಅಂತರ್ಜಾಲ ನಿಂತಿತು. ಅಧಿಕಾರ ಬಂದದ್ದು 2017ರ ನಿಯಮಗಳಿಂದ, ಆ ನಿಯಮಗಳ ತಾಯಿಬೇರು 1885ರ ಟೆಲಿಗ್ರಾಫ್ ಕಾಯ್ದೆ. 2020ರ ಜನವರಿ 10ರಂದು ಅನುರಾಧಾ ಭಾಸಿನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅನಿರ್ದಿಷ್ಟ ಕಾಲ ಹೀಗೆ ನಿಲ್ಲಿಸುವಂತಿಲ್ಲ, ಆದೇಶಗಳನ್ನು ಪ್ರಕಟಿಸಬೇಕು ಎಂದಿತು. ಪೂರ್ತಿ ವೇಗದ 4ಜಿ ವಾಪಸು ಬಂದದ್ದು 2021ರ ಫೆಬ್ರವರಿಯಲ್ಲಿ. ಆ ಹದಿನೆಂಟು ತಿಂಗಳಲ್ಲಿ ಒಂದಿಡೀ ಕೋವಿಡ್ ಅಲೆ ಹಾದುಹೋಯಿತು. ವೈದ್ಯರು 2ಜಿಯಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಇಳಿಸಿಕೊಳ್ಳುವ ಕಷ್ಟ ಏನೆಂದು ಊಹಿಸಲು ನನಗೆ ಪುಸ್ತಕ ಬೇಕಿಲ್ಲ. 2023ರ ಹೊಸ ದೂರಸಂಪರ್ಕ ಕಾಯ್ದೆಯಲ್ಲೂ ಆ ಅಧಿಕಾರ ಉಳಿದುಕೊಂಡಿದೆ.

ನಮ್ಮ ಬೆಂಗಳೂರಿನಲ್ಲೇ ಪುಸ್ತಕದ ಸಿದ್ಧಾಂತಕ್ಕೆ ಎರಡು ಸಲ ಪರೀಕ್ಷೆ ನಡೆದಿದೆ. ಖಾತೆಗಳನ್ನು ತಡೆಹಿಡಿಯುವ ಕೇಂದ್ರ ಸರ್ಕಾರದ ಆದೇಶಗಳ ವಿರುದ್ಧ ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋಯಿತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಆ ಹೊತ್ತಿಗೆ ಹೆಸರು ಬದಲಿಸಿಕೊಂಡಿದ್ದ ಕಂಪನಿ ‘ಸಹಯೋಗ್’ ಪೋರ್ಟಲ್ ವಿರುದ್ಧ ಮತ್ತೆ ಅದೇ ಹೈಕೋರ್ಟಿಗೆ ಬಂತು. 2025ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ನಾಗಪ್ರಸನ್ನ ಅದನ್ನೂ ವಜಾ ಮಾಡಿದರು. ಸಂವಿಧಾನದ 19ನೇ ವಿಧಿ ಕೊಡುವ ವಾಕ್‌ಸ್ವಾತಂತ್ರ್ಯ ನಾಗರಿಕರಿಗೆ ಮಾತ್ರ, ನಾಗರಿಕರಲ್ಲದವರು ಅದನ್ನು ಕೇಳಲಾಗದು ಎಂಬುದು ಆ ತೀರ್ಪಿನ ಒಂದು ನೆಲೆ.

ಈ ಕಡೆಯ ವಾಕ್ಯವನ್ನು ನಮ್ಮ ಓದುಗರು ಇನ್ನೊಮ್ಮೆ ಓದಬೇಕು. ಅಮೆರಿಕದ ಶ್ರೀಮಂತ ಕಂಪನಿಗೆ ಆ ಹಕ್ಕಿಲ್ಲವೆಂದರೆ ಸಂತಾಪವೇನೂ ಬೇಡ. ಆದರೆ ಕೈಯಲ್ಲಿ ನೀಲಿ ಪಾಸ್‌ಪೋರ್ಟು, ಪೆಟ್ಟಿಗೆಯಲ್ಲಿ ಓಸಿಐ ಕಾರ್ಡು ಇಟ್ಟುಕೊಂಡಿರುವ ನಾವು? ಓಸಿಐ ಎಂಬುದಕ್ಕೆ ಪೌರತ್ವದ ಹೆಸರಿದೆ, 19ನೇ ವಿಧಿಯ ಹಕ್ಕಿಲ್ಲ. ನಾನು ಇಲ್ಲಿ ಕೂತು ಕನ್ನಡದಲ್ಲಿ ಬರೆದದ್ದನ್ನು ಶಿವಮೊಗ್ಗದ ಸೋದರಳಿಯ ಓದದಂತೆ ಅಲ್ಲಿ ತಡೆದರೆ, ಅಲ್ಲಿ ನಾನು ನಾಗರಿಕನಲ್ಲ, ಇಲ್ಲಿನ ಸಂವಿಧಾನ ಅಲ್ಲಿ ನಡೆಯುವುದಿಲ್ಲ. ಪ್ರತಿ ದೇಶದ ಜನ ತಮಗೆ ಬೇಕಾದ ನಿಯಮ ಮಾಡಿಕೊಳ್ಳಲಿ ಎಂದು ಗೋಲ್ಡ್‌ಸ್ಮಿತ್ ಮತ್ತು ವೂ ಹೇಳುವಾಗ ಅವರ ಕಣ್ಣ ಮುಂದಿರುವುದು ಒಂದು ದೇಶದಲ್ಲಿ ಹುಟ್ಟಿ, ಅಲ್ಲೇ ಮತ ಹಾಕಿ, ಅಲ್ಲೇ ಓದುವ ಮನುಷ್ಯ. ಎರಡು ಕಡೆ ಕಾಲಿಟ್ಟವನು ಅವರ ಪುಸ್ತಕದಲ್ಲಿ ಇಲ್ಲ.

ಕೊಲ್ಲಿ ದೇಶಗಳಲ್ಲಿರುವ ನಮ್ಮವರ ಸ್ಥಿತಿ ಇನ್ನೂ ನೇರ. ಯುಎಇಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಮಾತ್ರ ಎಷ್ಟೋ ವರ್ಷಗಳಿಂದ ನಿರ್ಬಂಧದಲ್ಲಿದೆ. ಅಲ್ಲಿನ ಎರಡೂ ದೂರವಾಣಿ ಕಂಪನಿಗಳಲ್ಲಿ ಸರ್ಕಾರದ್ದೇ ದೊಡ್ಡ ಪಾಲು. ಪರವಾನಗಿ ಪಡೆದ ಬೇರೆ ಆ್ಯಪ್‌ಗಳಿವೆ, ಕೆಲವಕ್ಕೆ ತಿಂಗಳ ಚಂದಾ. ಉಡುಪಿಯ ಹೆಂಡತಿ ಮಕ್ಕಳ ಮುಖ ನೋಡಲು ಹಣ ಕಟ್ಟುವ ಹೋಟೆಲ್ ಕಾರ್ಮಿಕನಿಗೆ ಯಾವ ದೇಶದಲ್ಲಿ ಮತವಿದೆ, ಆ ನಿಯಮ ಬದಲಿಸಲು?

ಪಟ್ಟಿಯ ವಿಷಯಕ್ಕೆ ಮರಳುತ್ತೇನೆ. ದೇಶವಿಲ್ಲದ ಭಾಷೆಯೊಂದು ಅದರಲ್ಲಿ ಜಾಗ ಪಡೆದ ಉದಾಹರಣೆ ಇದೆ. ಕತಲಾನ್ ಭಾಷಿಕರು 2005ರಲ್ಲಿ ಐಕ್ಯಾನ್‌ನಿಂದ ಡಾಟ್ ಕ್ಯಾಟ್ ಪಡೆದರು. ಸ್ಪೇನಿಗಲ್ಲ, ಬಾರ್ಸೆಲೋನಾದ ಒಂದು ಪ್ರತಿಷ್ಠಾನಕ್ಕೆ, ಭಾಷೆ ಮತ್ತು ಸಂಸ್ಕೃತಿಗಾಗಿ. ಆದರೆ 2017ರ ಸೆಪ್ಟೆಂಬರ್ 20ರಂದು, ಪ್ರತ್ಯೇಕತೆಯ ಜನಮತಗಣನೆಗೆ ಮುಂಚೆ, ಸ್ಪೇನಿನ ಪೊಲೀಸರು ಆ ಕಚೇರಿಗೆ ನುಗ್ಗಿ ತಾಂತ್ರಿಕ ಮುಖ್ಯಸ್ಥನನ್ನು ಹಿಡಿದರು. ಪಟ್ಟಿಯಲ್ಲಿನ ನಮೂದು ಅಂತರರಾಷ್ಟ್ರೀಯ, ಕಚೇರಿಯ ಬಾಗಿಲು ರಾಷ್ಟ್ರೀಯ. ಗೋಲ್ಡ್‌ಸ್ಮಿತ್ ಮತ್ತು ವೂ ಇದನ್ನು ಓದಿ ತಲೆದೂಗಿರಬೇಕು.

ಕನ್ನಡದ ಕಥೆ ಬೇರೆ. ಭಾರತದ ಭಾಷೆಗಳಲ್ಲಿ ‘ಭಾರತ’ ಎಂದು ಕೊನೆಯಾಗುವ ವಿಳಾಸಗಳಿಗೆ 2011ರಲ್ಲಿ ಮೊದಲ ಕಂತು ಬಂದಾಗ ಏಳು ಭಾಷೆಗಳಿದ್ದವು. ತಮಿಳು ಇತ್ತು, ತೆಲುಗು ಇತ್ತು, ಕನ್ನಡ ಇರಲಿಲ್ಲ. ಅದು ಆಮೇಲೆ ಬಂತು. ದೇಶದ ಹೆಸರಿನ ವಿಳಾಸ ಕೇಳಬೇಕಾದ್ದು ದೆಹಲಿ, ಐಕ್ಯಾನ್ ತಾನಾಗಿ ಕೊಡುವುದಿಲ್ಲ. ರಾಷ್ಟ್ರೀಯ ನಿಯಂತ್ರಣ ಎಂದಾಗ ಕನ್ನಡಿಗನಿಗೆ ಆ ರಾಷ್ಟ್ರದ ಸಾಲಿನಲ್ಲಿ ತನ್ನ ಸರದಿಯೂ ಕಾಯಬೇಕಾಗುತ್ತದೆ.

ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಮೂಲಪಟ್ಟಿಯಲ್ಲಿ ಕನ್ನಡ ಲಿಪಿಯನ್ನು ಹೇಗೆ ಬಳಸಬೇಕೆಂಬ ನಿಯಮಗಳು. ಬ್ರಾಹ್ಮಿಯಿಂದ ಬಂದ ಲಿಪಿಗಳ ಬಗ್ಗೆ ಬಲ್ಲವರ ಒಂದು ತಂಡ ಐಕ್ಯಾನ್‌ಗಾಗಿ ಸ್ವಯಂಸೇವೆಯಿಂದ ಅದನ್ನು ತಯಾರಿಸಿತು, 2019ರಲ್ಲಿ ಸೇರ್ಪಡೆಯಾಯಿತು. ಸಮಸ್ಯೆ ನಮಗೆಲ್ಲ ಗೊತ್ತಿರುವುದೇ. ಕನ್ನಡ ಮತ್ತು ತೆಲುಗು ಅಕ್ಕತಂಗಿಯರು. ‘ಜಲ’ ಎಂದು ಎರಡು ಲಿಪಿಯಲ್ಲೂ ಬರೆಯಿರಿ, ಕಣ್ಣಿಗೆ ವ್ಯತ್ಯಾಸ ಕಾಣದು. ಕಂಪ್ಯೂಟರಿಗೆ ಮಾತ್ರ ಅವು ಬೇರೆಬೇರೆ ಸಂಕೇತ. ಒಂದು ಬ್ಯಾಂಕಿನ ಕನ್ನಡ ವಿಳಾಸವನ್ನು ತೆಲುಗು ಅಕ್ಷರಗಳಲ್ಲಿ ನಕಲು ಮಾಡಿ ಮೋಸ ಮಾಡುವುದು ಎಷ್ಟು ಸುಲಭ! ಹಾಗಾಗಿ ಎರಡೂ ಲಿಪಿಯ ಅವಳಿ ಅಕ್ಷರಗಳನ್ನು ಒಂದೊಂದಾಗಿ ಪಕ್ಕಪಕ್ಕ ಇಟ್ಟು, ಒಂದರಲ್ಲಿ ಹೆಸರು ಕೊಟ್ಟ ಮೇಲೆ ಅದರ ಅವಳಿಯನ್ನು ಬೇರೆಯವರಿಗೆ ಕೊಡದಂತೆ ಮಾಡಿದರು. ಬೆಂಗಳೂರಿಗೂ ಹೈದರಾಬಾದಿಗೂ ನದಿ ನೀರಿನ ಲೆಕ್ಕ ಇನ್ನೂ ಮುಗಿದಿಲ್ಲ. ಅಕ್ಷರದ ಲೆಕ್ಕವನ್ನು ಕೆಲವು ಭಾಷಾವಿದ್ವಾಂಸರೂ ಇಂಜಿನಿಯರುಗಳೂ ಕೂತು ಮುಗಿಸಿದರು. ಯಾವ ಸಚಿವರೂ ಮೇಜು ಕುಟ್ಟಲಿಲ್ಲ, ಯಾವ ವಿಶ್ವಸಂಸ್ಥೆಯ ನಿರ್ಣಯವೂ ಬೇಕಾಗಲಿಲ್ಲ. ನಿಯಂತ್ರಣ ಎಂದರೆ ಇದೂ ಒಂದು ನಿಯಂತ್ರಣವೇ, ಮತ್ತು ನಾನು ಓದಿದ ಪುಸ್ತಕದಲ್ಲಿ ಇದಕ್ಕೆ ಜಾಗವಿಲ್ಲ.

ಮೂಲಪಟ್ಟಿಗೆ ಹೊಸ ಹೆಸರುಗಳನ್ನು ಸೇರಿಸುವ ಮುಂದಿನ ಸುತ್ತಿಗೆ ಐಕ್ಯಾನ್ 2026ನ್ನು ಗೊತ್ತುಮಾಡಿತು. ‘ಡಾಟ್ ಕನ್ನಡ’ ಎಂಬ ಹೆಸರನ್ನು ಯಾರು ಕೇಳಬೇಕು? ಕರ್ನಾಟಕ ಸರ್ಕಾರವೇ, ಒಂದು ವಿಶ್ವವಿದ್ಯಾಲಯವೇ, ಬಾರ್ಸೆಲೋನಾದಲ್ಲಾದಂತೆ ಒಂದು ಪ್ರತಿಷ್ಠಾನವೇ, ನಮ್ಮಂಥ ಸಂಘಗಳ ಒಕ್ಕೂಟವೇ, ಅಥವಾ ಕನ್ನಡದ ಒಂದಕ್ಷರ ಗೊತ್ತಿಲ್ಲದ ಯಾವುದೋ ಕಂಪನಿಯೇ? ಕಚೇರಿ ಯಾವ ಊರಿನಲ್ಲಿರಬೇಕು, ಅದರ ಬಾಗಿಲು ಯಾವ ದೇಶದ ಪೊಲೀಸರ ಎದುರು ತೆರೆಯಬೇಕು? ಅರ್ಜಿ ಶುಲ್ಕ 2,27,000 ಡಾಲರ್.